'ಎಂತ ಇಲ್ಲ' ಎಂದರೆ ಎಂತ ಉಂಟು

ನಾನು ಅನುಮಾನದ ಪ್ರಾಣಿ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಮೀನಿನವಳು 'ಈಗ ಬಂದದ್ದು ಟೀಚರೇ' ಎಂದು ಎಷ್ಟೇ ಆಣೆ ಹಾಕಲಿ, ಬಂಗುಡೆಯ ಕಿವಿರು ಎತ್ತಿ ಒಳಗಿನ ಕೆಂಪು ನೋಡದೆ ನಾನು ಚೀಲ ಬಿಡಿಸಿದವಳಲ್ಲ. ಔಷಧದ ಅಂಗಡಿಯಲ್ಲಿ ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು, ಕನ್ನಡಕ ಮೇಲೆ ಕೆಳಗೆ ಮಾಡಿ, ತಾರೀಕು ಓದಿ ಮುಗಿಸುವವರೆಗೆ ನನ್ನ ಹಿಂದೆ ನಿಂತವರು ಕಾಯಲೇಬೇಕು. ಕಟಪಾಡಿ ಜಂಕ್ಷನಿನಲ್ಲಿ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು 'ಸೀಟ್ ಉಂಟು, ಸೀಟ್ ಉಂಟು, ಬನ್ನಿ' ಎಂದು ಕೂಗಿದರೆ ನಾನು ಮೊದಲು ಕಿಟಕಿಗಳಲ್ಲಿ ಕಾಣುವ ತಲೆಗಳನ್ನು ನೋಡುತ್ತೇನೆ. ಆಮೇಲೆ ಹತ್ತುತ್ತೇನೆ, ಉಡುಪಿಯವರೆಗೆ ನಿಂತುಕೊಂಡೇ ಹೋಗುತ್ತೇನೆ. ಅನುಮಾನಪಟ್ಟವರಿಗೆ ಸೀಟು ಸಿಗುತ್ತದೆ ಎಂದೇನೂ ಇಲ್ಲ. ಮೋಸಹೋದೆ ಎಂಬ ಬೇಸರವಿಲ್ಲದೆ ನಿಲ್ಲಬಹುದು, ಅಷ್ಟೆ.

ಕೆಲವು ತಿಂಗಳಿಂದ ನನ್ನ ಅನುಮಾನದ ಬಹುಪಾಲು ಪಕ್ಕದ ಮನೆಯ ನಾಯಿಯ ಮೇಲೆ ಇತ್ತು. ನಾವಿರುವುದು ಶಿರ್ವದಲ್ಲಿ. ನಮ್ಮವರು, ವಲೇರಿಯನ್, ಬಹಳ ವರ್ಷ ಗಲ್ಫಿನಲ್ಲಿ ದುಡಿದು ಬಂದು ಈಗ ತೆಂಗಿನ ಬುಡ ಬಿಡಿಸುತ್ತ, ನೀರು ಹಾಯಿಸುತ್ತ ಹಾಯಾಗಿದ್ದಾರೆ. ಅವರು ಹಿತ್ತಲಿಗೆ ಹೋಗುವಾಗ ಕಾಲಲ್ಲಿ ಎರಡು ಚಪ್ಪಲಿ ಇರುತ್ತಿತ್ತು, ಬರುವಾಗ ಒಂದೇ. 'ಇನ್ನೊಂದು ಎಲ್ಲಿ?' ಎಂದು ಕೇಳಿದರೆ ಕಾಲು ನೋಡಿಕೊಂಡು ಅವರೇ ಆಶ್ಚರ್ಯಪಡುತ್ತಿದ್ದರು. ಮರುದಿನ ಅದು ಯಾವುದೋ ತೆಂಗಿನ ಬುಡದಲ್ಲಿ ಸಿಗುತ್ತಿತ್ತು. ಇವರು ಎಲ್ಲೋ ಕಳಚಿಟ್ಟಿರುತ್ತಾರೆ, ನಾಯಿ ಎತ್ತಿಕೊಂಡು ಹೋಗಿರುತ್ತದೆ ಎಂದು ನಾನು ತೀರ್ಮಾನಿಸಿದೆ. ಹೆಚ್ಚಾಗಿ ಎಡಗಾಲಿನದೇ ಮಾಯವಾಗುತ್ತಿದ್ದುದರಿಂದ ಅದು ಸಾಮಾನ್ಯ ನಾಯಿ ಅಲ್ಲ ಎಂದೂ ಅನಿಸಿತು. ಅದಕ್ಕೆ ಹಾಕುತ್ತಿದ್ದ ಮೀನಿನ ತಲೆಯನ್ನು ಅಂದಿನಿಂದ ನಿಲ್ಲಿಸಿದೆ.

ಇಂಥ ನನಗೆ ಸರಿಯಾದ ಜೋಡಿಯೊಂದು ಸಿಕ್ಕಿದ್ದು ಮಣಿಪಾಲದಲ್ಲಿ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ ಅಲ್ಲಿಯ ಒಂದು ಕಾಲೇಜಿನಲ್ಲಿ ಹೊರಗಿನಿಂದ ಬಂದ ಮೆಡಿಕಲ್ ಮಕ್ಕಳಿಗೆ ಸಂಜೆ ಹೊತ್ತು ಕನ್ನಡ ಹೇಳಿಕೊಡುತ್ತೇನೆ. ವಾರ್ಡಿನಲ್ಲಿ ರೋಗಿಯ ಪಕ್ಕ ಕೂತು ಏನಾಗಿದೆ, ಯಾವಾಗಿನಿಂದ, ಎಲ್ಲಿ ನೋವು ಎಂದು ಕೇಳಿ ತಿಳಿಯುವಷ್ಟು ಭಾಷೆ ಅವರಿಗೆ ಬರಬೇಕು. ಹೆಚ್ಚಿನ ಮಕ್ಕಳು ಒಳ್ಳೆಯವರು. ನಾನು ಹೇಳಿದ್ದನ್ನು ನಂಬುತ್ತಾರೆ, ಬರೆದುಕೊಳ್ಳುತ್ತಾರೆ, ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆಯುತ್ತಾರೆ. ಸು ಲಿನ್ ಹಾಗಲ್ಲ. ಅವಳು ಮಲೇಷ್ಯಾದ ಪೆನಾಂಗಿನ ಹುಡುಗಿ, ಚೀನೀ ಮೂಲದ ಮನೆಯವಳು, ಸದಾ ಮುಂದಿನ ಬೆಂಚು. ಮೊದಲ ದಿನ ನಾನು ಬೋರ್ಡಿನ ಮೇಲೆ 'ಏನು', 'ಇದೆ', 'ಇಲ್ಲ' ಎಂದು ಮೂರು ಶಬ್ದ ಬರೆದು ಅರ್ಥ ಹೇಳಿದಾಗ ಅವಳು ನನ್ನನ್ನು ನೋಡಿದ ನೋಟ ನನಗೆ ಬಹಳ ಪರಿಚಯದ್ದು. ನಾನು ಬಂಗುಡೆಯನ್ನು ಹಾಗೆಯೇ ನೋಡುತ್ತೇನೆ.

ತರಗತಿಯಲ್ಲಿ ಕಲಿತದ್ದನ್ನು ಅವಳು ಹೊರಗೆ ಹೋಗಿ ವಿಚಾರಿಸುತ್ತಿದ್ದಳು. ಹಾಸ್ಟೆಲಿನ ವಾಚ್‌ಮನ್‌ನಲ್ಲಿ ಕೇಳುವಳು, ಕ್ಯಾಂಟೀನಿನಲ್ಲಿ ಕೇಳುವಳು, ನಾನೂ ಸೇರಿ ಮೂವರೂ ಒಂದೇ ಉತ್ತರ ಕೊಟ್ಟರೆ ಮಾತ್ರ ಶಬ್ದವನ್ನು ಒಪ್ಪುವಳು. ಕಷ್ಟವೆಂದರೆ ಮೂವರೂ ಒಂದೇ ಉತ್ತರ ಕೊಡುತ್ತಿರಲಿಲ್ಲ. ಒಮ್ಮೆ ರಿಕ್ಷಾ ಸ್ಟ್ಯಾಂಡಿಗೆ ಹೋಗಿ, ನಾನು ಕಲಿಸಿದ ಹಾಗೆಯೇ ಒಂದಕ್ಷರ ನುಂಗದೆ, "ಆಟೋ ಇದೆಯೇ?" ಎಂದು ಕೇಳಿದಳಂತೆ. ಡ್ರೈವರು ಆಚೆ ಈಚೆ ನೋಡಿ, "ಎಂತ ಇದೆಯೇ? ಎದುರಿಗೇ ಉಂಟಲ್ಲ ಮಾರಾಯ್ತಿ, ಕೂತ್ಕೊಳ್ಳಿ" ಎಂದನಂತೆ. ಮರುದಿನ ಅವಳು ನನ್ನೆದುರು ಬಂದು ನಿಂತಳು. 'ಏನು' ಎಂದು ಇಲ್ಲಿ ಯಾರೂ ಹೇಳುವುದಿಲ್ಲ, 'ಎಂತ' ಎನ್ನುತ್ತಾರೆ. 'ಇದೆ' ಎಂದೂ ಹೇಳುವುದಿಲ್ಲ, 'ಉಂಟು' ಎನ್ನುತ್ತಾರೆ. ಬೋರ್ಡಿನ ಮೇಲಿನ ಮೂರು ಶಬ್ದಗಳಲ್ಲಿ ಎರಡು ಹೊರಗೆ ಚಲಾವಣೆಯಲ್ಲೇ ಇಲ್ಲ ಎಂಬುದು ಅವಳ ಆರೋಪ.

ನನಗೂ ಬಿಗುಮಾನ. 'ಉಂಟು' ಎಂಬುದು ಸಾಧಾರಣ ಶಬ್ದವಲ್ಲ, 'ಉಳ್' ಎಂಬ ಧಾತುವಿನಿಂದ ಬಂದದ್ದು, ಹಳಗನ್ನಡದ ಕಾಲದಿಂದ ನಡೆದುಬಂದದ್ದು, ಉಳಿದವರು ಬಿಟ್ಟರೂ ನಾವು ಬಿಟ್ಟಿಲ್ಲ ಎಂದು ಒಂದು ಸಣ್ಣ ಭಾಷಣ ಮಾಡಿದೆ. ಅವಳು ಪೂರ್ತಿ ಕೇಳಿ, ಅಷ್ಟು ಒಳ್ಳೆಯ ಶಬ್ದವಾದರೆ ಬೋರ್ಡಿನ ಮೇಲೆ ಏಕೆ ಬರೆಯಲಿಲ್ಲ ಎಂದಳು. ನಾನು ಗಂಟೆಯಾಯಿತು ಎಂದು ಎದ್ದೆ.

ಇನ್ನೊಂದು ದಿನ ಇನ್ನೂ ನೇರವಾಗಿ ಕೇಳಿದಳು.

"ಟೀಚರ್, ನೀವು ಕಲಿಸುವ ಈ ಭಾಷೆಯನ್ನು ಯಾರು ಮಾತನಾಡುತ್ತಾರೆ?"

"ಕನ್ನಡವಾ? ಎಲ್ಲರೂ ಮಾತಾಡ್ತಾರಲ್ಲ ಮಗಾ."

"ನೀವು ಮನೆಯಲ್ಲಿ ಮಾತನಾಡುತ್ತೀರಾ?"

ಸಿಕ್ಕಿಬಿದ್ದೆ. ಮನೆಯಲ್ಲಿ ನಮ್ಮದು ಕೊಂಕಣಿ. ತೆಂಗಿನಕಾಯಿ ಕೀಳುವವನಲ್ಲಿ, ಮೀನಿನವಳಲ್ಲಿ ತುಳು. ಕನ್ನಡ ಬ್ಯಾಂಕಿನಲ್ಲಿ, ತಾಲೂಕು ಕಚೇರಿಯಲ್ಲಿ, ಮತ್ತು ನೆರೆಮನೆಯವರ ಮೇಲೆ ಸಿಟ್ಟು ಬಂದು ಅದು ಅವರಿಗೆ ತಿಳಿಯಲಿ ಎಂಬ ಮನಸ್ಸಿದ್ದಾಗ. ನಮ್ಮ ಕಡೆಯ ಕನ್ನಡ ಇಸ್ತ್ರಿ ಮಾಡಿಟ್ಟ ಸೀರೆಯ ಹಾಗೆ, ಹೊರಗೆ ಹೋಗುವಾಗ ಉಡುವುದು. ನಾನೂ ಅದನ್ನು ಶಾಲೆಯಲ್ಲಿ ಪುಸ್ತಕದಿಂದಲೇ ಕಲಿತವಳು. ಒಂದನೇ ತರಗತಿಯ ಮೊದಲ ದಿನ ಮಾಸ್ಟ್ರು 'ಎಲ್ಲರೂ ಕುಳಿತುಕೊಳ್ಳಿ' ಎಂದಾಗ ಅರ್ಥವಾಗದೆ ನಿಂತೇ ಇದ್ದೆ. ಇದನ್ನೆಲ್ಲ ಹೇಳಿದಾಗ ಸು ಲಿನ್ ಮುಖ ಮೊದಲ ಬಾರಿಗೆ ಸಡಿಲವಾಯಿತು. "ಹಾಗಾದರೆ ನೀವೂ ವಿದೇಶಿ ವಿದ್ಯಾರ್ಥಿನಿ" ಎಂದಳು. ಹುಟ್ಟಿದ ಊರಿನಲ್ಲೇ ನನ್ನನ್ನು ವಿದೇಶಿ ಎಂದವರು ಅವಳೊಬ್ಬಳೇ.

ಅನುಮಾನ ಒಂದೇ ಕಡೆಯಿಂದ ಇತ್ತು ಎಂದು ತಿಳಿಯಬೇಡಿ. ಅವಳು ತರಗತಿಯ ಉದ್ದಕ್ಕೂ ಮೊಬೈಲನ್ನು ಮೇಜಿನ ಮೇಲೆ ಮಲಗಿಸಿ ನನ್ನ ಮಾತನ್ನೆಲ್ಲ ರೆಕಾರ್ಡ್ ಮಾಡುತ್ತಿದ್ದಳು. ಅದೇ ಹೊತ್ತಿಗೆ ವಿಭಾಗದ ಮುಖ್ಯಸ್ಥರು ಕಾರಿಡಾರಿನಲ್ಲಿ ಸಿಕ್ಕಿ, "ಈಗ ಫೋನೇ ಭಾಷಾಂತರ ಮಾಡ್ತದಲ್ವಾ ಟೀಚರ್?" ಎಂದು ನಗುತ್ತ ಕೇಳಿದರು. ನಗುತ್ತ ಕೇಳುವ ಪ್ರಶ್ನೆಗಳನ್ನು ನಾನು ಇನ್ನೂ ಹೆಚ್ಚು ಅನುಮಾನಿಸುತ್ತೇನೆ. ಈ ಹುಡುಗಿ ನನ್ನ ತಪ್ಪುಗಳನ್ನು ಕೂಡಿಹಾಕಿ ಮೇಲಿನವರಿಗೆ ಒಪ್ಪಿಸುತ್ತಿರಬೇಕು ಎಂದುಕೊಂಡು ಒಂದು ವಾರ ಎಷ್ಟು ಶುದ್ಧವಾಗಿ ಮಾತಾಡಿದೆನೆಂದರೆ, ಮನೆಯಲ್ಲಿಯೂ ಮರೆತು ವಲೇರಿಯನ್‌ರನ್ನು 'ಚಹಾ ಬೇಕಾಗಿದೆಯೇ?' ಎಂದು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತಿ, ಏನಾದರೂ ತಪ್ಪು ಮಾಡಿದೆನಾ ಎಂದು ಕೊಂಕಣಿಯಲ್ಲಿ ವಿಚಾರಿಸಿದರು.

ಒಂದು ಮಾತನ್ನು ಮಾತ್ರ ಅವಳು ತನಿಖೆಯಿಲ್ಲದೆ ಒಪ್ಪಿಕೊಂಡಳು. ಅದು 'ಊಟ ಆಯ್ತಾ?' ಅವರ ಪೆನಾಂಗಿನಲ್ಲಿಯೂ ದಾರಿಯಲ್ಲಿ ಎದುರಾದವರು ಕುಶಲ ಕೇಳುವುದು ಊಟವಾಯಿತೇ ಎಂದೇ ಅಂತೆ. ಆಗದಿದ್ದರೂ ಆಯಿತು ಎನ್ನುವುದು ಅಲ್ಲಿಯ ಮರ್ಯಾದೆ, ಇಲ್ಲಿಯದೂ. ಈ ಒಂದು ಸುಳ್ಳಿನ ಮೇಲೆ ನಮ್ಮಿಬ್ಬರ ನಡುವೆ ಸ್ವಲ್ಪ ನಂಬಿಕೆ ಹುಟ್ಟಿತು.

ಆಮೇಲೆ ವಾರ್ಡಿನ ಪರೀಕ್ಷೆ ಬಂತು. ಪರೀಕ್ಷೆ ಎಂದರೆ ಬೇರೇನಲ್ಲ. ಒಬ್ಬ ರೋಗಿಯನ್ನು ತೋರಿಸುತ್ತಾರೆ. ವಿದ್ಯಾರ್ಥಿ ಅವರನ್ನು ಮಾತಾಡಿಸಿ, ಕಾಯಿಲೆಯ ಕತೆ ಕೇಳಿ, ಪರೀಕ್ಷಕರಿಗೆ ಒಪ್ಪಿಸಬೇಕು. ಸು ಲಿನ್‌ಗೆ ಸಿಕ್ಕಿದ್ದು ಕಾಪುವಿನ ಒಬ್ಬ ಅಜ್ಜಿ. ಇವಳು ಸ್ಟೂಲಿನ ಮೇಲೆ ನೆಟ್ಟಗೆ ಕೂತು, "ನಿಮಗೆ ಏನು ತೊಂದರೆ ಇದೆ ಅಮ್ಮ?" ಎಂದು ಕೇಳಿದಳು. ಅಜ್ಜಿ, "ಎಂತ ಇಲ್ಲ ಮಗಾ" ಎಂದರು. "ನೋವು ಇದೆಯೇ?" "ಎಂತ ಇಲ್ಲ, ಹೀಗೇ." "ನಿದ್ರೆ ಬರುತ್ತದೆಯೇ?" "ಬರ್ತದೆ ಮಗಾ. ನಿನಗೆ ಯಾವ ಊರು?" ಸು ಲಿನ್ ಊರು ಹೇಳಿ, ವಂದಿಸಿ, ಎದ್ದುಬಂದು, ಈ ರೋಗಿಗೆ ಯಾವ ತೊಂದರೆಯೂ ಇಲ್ಲ ಎಂದು ಪರೀಕ್ಷಕರಿಗೆ ಹೇಳಿದಳು.

ಹಾಗಾದರೆ ಇವರು ಆಸ್ಪತ್ರೆಗೆ ಹವೆ ಬದಲಾಯಿಸಲು ಬಂದದ್ದೇ ಎಂದು ಪರೀಕ್ಷಕರು ಕೇಳಿದರು. ಇವಳನ್ನು ಕರಕೊಂಡು ಹೋಗಿ ಮಂಚದ ಅಂಚಿನಲ್ಲಿ ಕೂತು, "ಎಂತಮ್ಮ, ಊಟ ಆಯ್ತಾ?" ಎಂದರು. "ಊಟ ಎಂತದ್ದು ಡಾಕ್ಟ್ರೇ" ಎಂದು ಅಜ್ಜಿ ಶುರುಮಾಡಿದರು. "ಎಂತ ಇಲ್ಲ, ಆದ್ರೆ ಈ ಹೊಟ್ಟೆ ಉಂಟಲ್ಲ…" ದೀಪಾವಳಿಗೆ ಮೊದಲೇ ಶುರುವಾದ ಹೊಟ್ಟೆ ಉರಿ, ಎರಡು ತುತ್ತಿಗೆ ಬರುವ ವಾಂತಿ, ಸಡಿಲವಾದ ರವಕೆ, ನಡುರಾತ್ರಿ ಎದ್ದು ಕೂರುವುದು, ಎಲ್ಲ ಒಂದರ ಹಿಂದೆ ಒಂದಾಗಿ ಹೊರಗೆ ಬಂತು. ಸು ಲಿನ್ ಫೇಲಾದಳು.

ಅಂದು ಸಂಜೆ ತರಗತಿಗೆ ಬಂದಳು, ಕೂರಲಿಲ್ಲ. ಸಿಟ್ಟಿನಲ್ಲಿ ಇಂಗ್ಲಿಷಿನಲ್ಲೇ ಹೇಳಿದಳು. ಆ ಅಜ್ಜಿ ಸುಳ್ಳು ಹೇಳಿದ್ದಾರೆ, ಇಲ್ಲದಿದ್ದರೆ ನೀವು ಹೇಳಿದ್ದೀರಿ. 'ಇಲ್ಲ' ಎಂದರೆ ಇಲ್ಲ ಎಂದು ಬೋರ್ಡಿನ ಮೇಲೆ ಬರೆದದ್ದು ನೀವೇ. ಉಳಿದ ಎರಡು ಶಬ್ದ ಹೋದರೂ ಅದೊಂದನ್ನು ನಂಬಿದ್ದೆ. ಇಷ್ಟು ಹೇಳಿ, ತಿಂಗಳ ಕೊನೆಗೆ ಮರುಪರೀಕ್ಷೆ ಉಂಟು, ಅದರಲ್ಲೂ ಫೇಲಾದರೆ ಓದು ಬಿಟ್ಟು ಊರಿಗೆ ಹೋಗುತ್ತೇನೆ ಎಂದಳು. ರೋಗಿ ಹೇಳುವುದು ಅರ್ಥವಾಗದವಳು ಡಾಕ್ಟರಾಗಿ ಯಾರಿಗೆ ಏನು ಮಾಡಬೇಕು ಎಂದು ಕೇಳಿ ಮೂಗು ಒರೆಸಿಕೊಂಡಳು. ನನಗೆ ಅವಳ ಮೇಲಿದ್ದ ಅನುಮಾನವೆಲ್ಲ ಆ ಕ್ಷಣ ಬಿದ್ದುಹೋಯಿತು. ಗೂಢಚಾರರು ಹೀಗೆ ಮೂಗು ಒರೆಸಿಕೊಳ್ಳುವುದಿಲ್ಲ.

ಬಸ್ಸಿನಲ್ಲಿ ನಿಂತು ಬರುವಾಗ ನಾನು ಆ 'ಎಂತ ಇಲ್ಲ'ದ ಬಗ್ಗೆಯೇ ಯೋಚಿಸಿದೆ. ವ್ಯಾಕರಣದ ಪ್ರಕಾರ ಅದು ನಿಷೇಧ. ಆದರೆ ನಮ್ಮ ಕಡೆ ಅದು ಮಾತಿನ ಪೀಠಿಕೆ. ತುಳುವಿನವರಿಗೆ 'ದಾಲ ಇಜ್ಜಿ', ನಮ್ಮ ಕೊಂಕಣಿಯಲ್ಲಿ 'ಕಾಂಯ್ ನಾ', ಕನ್ನಡಕ್ಕೆ ಬಂದಾಗ 'ಎಂತ ಇಲ್ಲ'. ನನ್ನ ನಾದಿನಿ ಫೋನ್ ಮಾಡಿ 'ಎಂತ ಇಲ್ಲ, ಸುಮ್ಮನೆ ಮಾಡಿದ್ದು' ಎಂದರೆ ಹಿಂದೆ ಏನೋ ಇದೆ ಎಂದೇ ಅರ್ಥ. ಮಳೆ, ಮೀನು, ಇಗರ್ಜಿಯ ಹೊಸ ಪಾದ್ರಿಗಳು ಎಲ್ಲ ಮುಗಿದು ಫೋನ್ ಇಡುವ ಹೊತ್ತಿಗೆ 'ಮತ್ತೆ…' ಎಂದು ಎಳೆಯುತ್ತಾಳೆ. ಆ 'ಮತ್ತೆ'ಯ ಹಿಂದೆ ಬರುವುದೇ ವಿಷಯ. ಮನೆಗೆ ಬಂದವರೂ ಹಾಗೆಯೇ. ಕೂತಿರುವಷ್ಟು ಹೊತ್ತು ಏನೂ ಇರುವುದಿಲ್ಲ. ಎದ್ದು, ಬಾಗಿಲು ದಾಟಿ, ಚಪ್ಪಲಿಗೆ ಕಾಲು ಹಾಕಿದ ಮೇಲೆ ಮಗಳ ಮದುವೆಯ ಸಂಗತಿಯೋ ಜಾಗದ ತಕರಾರೋ ಹೊರಡುತ್ತದೆ. ಕಷ್ಟವನ್ನು ಎದುರಿನವರ ಮೇಲೆ ಒಮ್ಮೆಲೇ ಹಾಕಬಾರದು ಎಂಬ ದಾಕ್ಷಿಣ್ಯ ಅದು. ಇವರಿಗೆ ಕೇಳುವ ಮನಸ್ಸು ನಿಜವಾಗಿ ಉಂಟಾ ಎಂಬ ಸಣ್ಣ ಪರೀಕ್ಷೆಯೂ ಹೌದು. ಆ ಅಜ್ಜಿ ಸುಳ್ಳು ಹೇಳಿರಲಿಲ್ಲ. ಸು ಲಿನ್ ಬೇಗ ಎದ್ದುಬಿಟ್ಟಿದ್ದಳು.

ಇದನ್ನು ಬೋರ್ಡಿನ ಮೇಲೆ ಬರೆದು ಕಲಿಸುವುದು ಹೇಗೆ? ಭಾನುವಾರ ಊಟಕ್ಕೆ ಶಿರ್ವಕ್ಕೆ ಬಾ ಎಂದು ಕರೆದೆ. ಮಾದರಿ ರೋಗಿಯಾಗಿ ವಲೇರಿಯನ್ ಮನೆಯಲ್ಲೇ ಇದ್ದರು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ, ಆದರೆ 'ಎಂತ ಇಲ್ಲ' ಎನ್ನುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಸುತ್ತಮುತ್ತ ಇಲ್ಲ. ಗಲ್ಫಿನಲ್ಲಿ ಇದ್ದಷ್ಟು ವರ್ಷವೂ ಫೋನಿನಲ್ಲಿ 'ಹೇಗಿದ್ದೀರಿ?' ಎಂದು ಕೇಳಿದರೆ 'ಕಾಂಯ್ ನಾ' ಎಂದೇ ಹೇಳುತ್ತಿದ್ದರು. ಆಗಿನ ಫೋನಿನಲ್ಲಿ ಅದಕ್ಕಿಂತ ಹೆಚ್ಚು ಹೇಳಲು ಹೊತ್ತೂ ಇರುತ್ತಿರಲಿಲ್ಲ. ನಾನು ಸಮಾಧಾನಪಟ್ಟು ಫೋನ್ ಇಡುತ್ತಿದ್ದೆ.

ಸು ಲಿನ್ ಕಟಪಾಡಿಯಲ್ಲಿ ಬಸ್ಸು ಬದಲಿಸಿ ಬಂದಿಳಿದಳು. ಬೆವರಿ ತೊಪ್ಪೆಯಾಗಿದ್ದಳು. ಸೀಟ್ ಉಂಟು ಎಂದು ಕಂಡಕ್ಟರ್ ಹತ್ತಿಸಿಕೊಂಡನಂತೆ, ಒಂದು ಕಾಲು ಇಡಲೂ ಜಾಗವಿರಲಿಲ್ಲವಂತೆ. "ಈಗ ನನಗೆ ವ್ಯಾಕರಣ ಗೊತ್ತಾಯಿತು ಟೀಚರ್" ಎಂದಳು. "ಇಲ್ಲಿ ಉಂಟು ಎಂದರೆ ಇಲ್ಲ. ಇಲ್ಲ ಎಂದರೆ ಉಂಟು." ಇಷ್ಟು ವರ್ಷ ಕನ್ನಡ ಕಲಿಸಿದ ನನಗೆ ಇಷ್ಟು ಚಿಕ್ಕದಾಗಿ ಹೇಳಲು ಬಂದಿರಲಿಲ್ಲ. ದಾರಿಯಲ್ಲಿ ಮೀನಿನವಳ ಹತ್ತಿರ ನಿಂತಾಗ, ನಾನು ಬಗ್ಗುವ ಮೊದಲೇ ಸು ಲಿನ್ ಬಗ್ಗಿ ಬಂಗುಡೆಯ ಕಿವಿರು ಎತ್ತಿ ನೋಡಿದಳು. ಅವಳ ಅಜ್ಜಿ ಕಲಿಸಿದ್ದಂತೆ. ಮೀನಿನವಳು ನಮ್ಮಿಬ್ಬರನ್ನೂ ನೋಡಿ ತುಳುವಿನಲ್ಲಿ ಏನೋ ಗೊಣಗಿದಳು. ಅದನ್ನು ನಾನು ಅನುವಾದಿಸಲಿಲ್ಲ.

ಊಟಕ್ಕೆ ಕೂರುವಾಗ ಸು ಲಿನ್, "ಹೇಗಿದ್ದೀರಿ ಅಂಕಲ್?" ಎಂದಳು.

"ಎಂತ ಇಲ್ಲ ಮಗಾ, ಆರಾಮ."

ಅವಳು ನನ್ನ ಮುಖ ನೋಡಿದಳು. ನಾನು ಅನ್ನ ಬಡಿಸಿದೆ. ಕೇಳಬೇಡ, ಹೊರಡುವವರೆಗೆ ಕಾಯಬೇಕು ಎಂದು ಮೊದಲೇ ಹೇಳಿದ್ದೆ. ಅವಳು ಮೀನು ತಿಂದಳು, ಪೆನಾಂಗಿನ ಸಮುದ್ರದ ಬಗ್ಗೆ ಹೇಳಿದಳು. ವಲೇರಿಯನ್ ಗಲ್ಫಿನ ಬಿಸಿಲಿನ ಬಗ್ಗೆ ಹೇಳಿದರು. ಊಟದ ಮೇಲೆ ಚಹಾ ಆಯಿತು, ಚಹಾದ ಮೇಲೆ ಹಿತ್ತಲಿನ ತೆಂಗು ತೋರಿಸಿದ್ದಾಯಿತು. ಇವತ್ತು ಪಾಠ ಆಗಲಿಕ್ಕಿಲ್ಲ, ಆರೋಗ್ಯವಂತ ರೋಗಿಯನ್ನು ಇಟ್ಟುಕೊಂಡು ಎಷ್ಟು ಕಲಿಸಬಹುದು ಎಂದು ನನಗೆ ಅನಿಸತೊಡಗಿತು. ಅವಳು ಚೀಲ ಹೆಗಲಿಗೇರಿಸಿ, ಜಗಲಿಗೆ ಬಂದು, ಚಪ್ಪಲಿಗೆ ಕಾಲು ಹಾಕಿದಳು. ಹಾಕಿ, ಹೋಗದೆ ಹಾಗೆಯೇ ನಿಂತು, "ಮತ್ತೆ ಅಂಕಲ್?" ಎಂದಳು.

ವಲೇರಿಯನ್ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅವಳ ಚಪ್ಪಲಿ ನೋಡಿದರು.

"ಮತ್ತೆ ಎಂತ ಇಲ್ಲ ಡಾಕ್ಟರಮ್ಮ. ಈ ಕಾಲಿನ ಅಡಿ ಉಂಟಲ್ಲ, ಸ್ವಲ್ಪ ಜೋಮು ಹಿಡಿದ ಹಾಗೆ. ಹತ್ತಿ ಮೇಲೆ ನಡೆದ ಹಾಗೆ ಆಗ್ತದೆ. ನಡೀತಾ ಚಪ್ಪಲಿ ಕಾಲಿನಿಂದ ಬಿದ್ದುಹೋದ್ರೂ ಗೊತ್ತಾಗುವುದಿಲ್ಲ."

ನಾನು ಚಹಾದ ಲೋಟ ಹಿಡಿದು ಅಲ್ಲೇ ನಿಂತಿದ್ದೆ. ನಾಯಿ ನಿರಪರಾಧಿ ಎಂಬುದು ಮೊದಲು ಹೊಳೆಯಿತು, ಉಳಿದದ್ದು ಆಮೇಲೆ. ಸು ಲಿನ್ ಚಪ್ಪಲಿ ಕಳಚಿ ಒಳಗೆ ಬಂದಳು. ಹತ್ತಿ ತರಿಸಿ, ಕಣ್ಣು ಮುಚ್ಚಿಕೊಳ್ಳಿ ಎಂದು ಹೇಳಿ, ಅವರ ಹೆಬ್ಬೆರಳಿಗೆ, ಅಂಗಾಲಿಗೆ ಮುಟ್ಟಿಸುತ್ತ ಹೋದಳು. ಮುಟ್ಟಿದಾಗ ಹೇಳಿ ಎಂದಿದ್ದಳು. ವಲೇರಿಯನ್ ಕಣ್ಣು ಮುಚ್ಚಿ ವಿಧೇಯರಾಗಿ ಕೂತಿದ್ದರು, ಏನೂ ಹೇಳಲಿಲ್ಲ. ಇನ್ನೂ ಶುರುಮಾಡಲಿಲ್ಲವಾ ಎಂದು ಕೊನೆಗೆ ಅವರೇ ಕೇಳಿದರು. ಎಷ್ಟು ಸಮಯದಿಂದ ಎಂದು ಅವಳು ಕೇಳಿದ್ದಕ್ಕೆ, "ಆಯ್ತು, ಕಳೆದ ಮಳೆಗಾಲದಿಂದ" ಎಂದರು. ರಾತ್ರಿ ಪದೇ ಪದೇ ಏಳುವುದು, ಬಾಯಾರಿಕೆ, ಅದೂ ಬಂತು. ಎಲ್ಲವನ್ನೂ ಅವಳಿಗೆ ಹೇಳಿದರು, ನನಗೆ ಬೆನ್ನು ಮಾಡಿ.

ಮರುದಿನ ರಕ್ತ ಪರೀಕ್ಷೆ ಮಾಡಿಸಿದೆವು. ಶುಗರ್ ಬಹಳ ಜಾಸ್ತಿ ಇತ್ತು. ಬೇಗ ಗೊತ್ತಾದದ್ದು ಒಳ್ಳೆಯದಾಯಿತು, ಮಾತ್ರೆ, ಪಥ್ಯ, ಕಾಲಿನ ಜಾಗ್ರತೆ ಇದ್ದರೆ ಹೆದರುವಂಥದ್ದಿಲ್ಲ ಎಂದು ಡಾಕ್ಟರರು ಹೇಳಿದರು. ನಾನು ಹೆದರಿದೆ. ನನ್ನ ತಂದೆಯ ಕಾಲನ್ನು ಇದೇ ಕಾಯಿಲೆಯಲ್ಲಿ ಕತ್ತರಿಸಬೇಕಾಗಿ ಬಂದಿತ್ತು. ಆ ಹೆದರಿಕೆಯನ್ನು ಆಗ ಯಾರಿಗೂ ಹೇಳಲಿಲ್ಲ. ಊರಿನ ಎಲ್ಲ ಮೀನುಗಳ ಕಿವಿರು ಎತ್ತಿ ನೋಡಿದವಳು ಮನೆಯೊಳಗಿನ 'ಕಾಂಯ್ ನಾ' ಒಂದನ್ನು ಎತ್ತಿ ನೋಡಿರಲಿಲ್ಲ. ಆ ಸಂಜೆ ಪಕ್ಕದ ಮನೆಯ ನಾಯಿಗೆ ಬಂಗುಡೆಯ ತಲೆಗಳನ್ನೆಲ್ಲ ಕೊಂಡುಹೋಗಿ ಹಾಕಿದೆ. ಅದು ಮೂಸಿ, ಹಿಂದೆ ಸರಿದು, ನನ್ನ ಮುಖವನ್ನೇ ಬಹಳ ಹೊತ್ತು ನೋಡಿತು. ನಾನು ಒಳಗೆ ಹೋದ ಮೇಲೆಯೇ ತಿಂದದ್ದು.

ತಿಂಗಳ ಕೊನೆಗೆ ಸು ಲಿನ್‌ಳ ಮರುಪರೀಕ್ಷೆ ಆಯಿತು. ಫಲಿತಾಂಶ ಬರುವ ದಿನ ನಾನು ಫೋನ್ ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದೆ, ಆಗಲೂ ಎತ್ತಲಿಲ್ಲ. ಫೇಲಾದವರು ಫೋನ್ ಎತ್ತುವುದಿಲ್ಲ. ಊರಿಗೆ ಹೋಗುವ ವಿಮಾನದಲ್ಲಿ ಕೂತವರೂ ಎತ್ತುವುದಿಲ್ಲ. ಎರಡನ್ನೂ ಅನುಮಾನಿಸಿ ಶನಿವಾರ ನಿದ್ದೆಗೆಟ್ಟೆ. ಭಾನುವಾರ ಮಧ್ಯಾಹ್ನ ಅವಳು ನಮ್ಮ ಗೇಟಿನಲ್ಲಿ ನಿಂತಿದ್ದಳು.

"ಎಂತ ಆಯ್ತು ಮಗಾ?" ಎಂದು ಓಡಿದೆ.

"ಎಂತ ಇಲ್ಲ ಟೀಚರ್" ಎಂದಳು. "ಸುಮ್ಮನೆ ಬಂದದ್ದು."

ನಾನು ಬಾಯಿ ಮುಚ್ಚಿಕೊಂಡೆ. ನಾನೇ ಕಲಿಸಿದ ಪಾಠವಾದ್ದರಿಂದ ಬೇರೆ ಉಪಾಯವಿರಲಿಲ್ಲ. ಅನ್ನಕ್ಕಿಟ್ಟೆ. ಅವಳು ವಲೇರಿಯನ್‌ರ ಕಾಲು ನೋಡಿದಳು, ಹೊಸ ಬೆಲ್ಟಿನ ಚಪ್ಪಲಿಯನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸಿದಳು, ಕಪಾಟಿನಲ್ಲಿ ಅಡಗಿಸಿಟ್ಟ ಬಿಸ್ಕತ್ತಿನ ಪೊಟ್ಟಣ ಪತ್ತೆ ಮಾಡಿ ನನಗೆ ಒಪ್ಪಿಸಿದಳು. ಊಟವಾಯಿತು, ಚಹಾ ಆಯಿತು. ಮಳೆಯ ಬಗ್ಗೆ ಮಾತಾಡಿದೆವು. ನಾನು ಒಲೆಯ ಹತ್ತಿರ ಹೋಗಿ ಬಂದೆ, ಒಲೆಯ ಮೇಲೆ ಏನೂ ಇರಲಿಲ್ಲ. ಕೊನೆಗೆ ಅವಳು ಎದ್ದು ಜಗಲಿಗೆ ಬಂದು ಚಪ್ಪಲಿಗೆ ಕಾಲು ಹಾಕಿದಳು.

"ಮತ್ತೆ ಟೀಚರ್…"

"ಮತ್ತೆ?"

"ಪಾಸ್ ಆಯ್ತು."

ಕಾರ್ಕಳದ ಕಡೆಯ ಒಬ್ಬ ಹಿರಿಯರು ಸಿಕ್ಕಿದ್ದರಂತೆ. ಎಂತ ಇಲ್ಲ ಎಂದರಂತೆ. ಇವಳು ಪೆನ್ನಿನ ಟೋಪಿ ಹಾಕಿಟ್ಟು, ಊಟ ಆಯ್ತಾ ಎಂದು ಕೇಳಿ, ಅವರ ಮೊಮ್ಮಗಳ ಶಾಲೆಯ ವಿಷಯವೆಲ್ಲ ಕೇಳಿಸಿಕೊಂಡು, ಎದ್ದು ಎರಡು ಹೆಜ್ಜೆ ಹೋಗಿ ತಿರುಗಿ ನಿಂತು 'ಮತ್ತೆ ಅಜ್ಜಾ?' ಎಂದಳಂತೆ. 'ಮತ್ತೆ ಎಂತದು ಮಗಾ, ಮನೆಯ ಏರು ಹತ್ತುವಾಗ ಉಸಿರು ಸಾಕಾಗುವುದಿಲ್ಲ' ಎಂದು ಅವರು ಶುರುಮಾಡಿದರಂತೆ. ಪರೀಕ್ಷಕರು ಪರದೆಯ ಆಚೆ ನಿಂತು ಕೇಳುತ್ತಿದ್ದರಂತೆ.

"ಬಂದ ಕೂಡಲೇ ಹೇಳಬಾರದಾ ಮಾರಾಯ್ತಿ? ನನ್ನ ಜೀವ ಹೋಯ್ತಲ್ಲ!"

"ಹಾಗೆ ಹೇಳುವ ಕ್ರಮ ಉಂಟಾ ಟೀಚರ್?" ಎಂದಳು.

ಕ್ರಮ ಇಲ್ಲ. ಅವಳನ್ನು ಬಸ್ಸು ಹತ್ತಿಸಿ ಬಂದೆ. ಸೀಟ್ ಉಂಟು ಎಂದು ಕಂಡಕ್ಟರ್ ಹೇಳಿದ, ಅವಳು ನಕ್ಕು ಹತ್ತಿದಳು.

ಮನೆಗೆ ಬಂದು ಜಗಲಿಯಲ್ಲಿ ಕೂತೆ. ಮನಸ್ಸು ಹಗುರವಾಗಬೇಕಿತ್ತು, ಆದರೆ ಬಾಗಿಲ ಬಳಿ ಜೋಡಿಸಿಟ್ಟ ವಲೇರಿಯನ್‌ರ ಬೆಲ್ಟಿನ ಚಪ್ಪಲಿಗಳು ಕಣ್ಣಿಗೆ ಬಿದ್ದವು. ಎರಡೂ ಇದ್ದವು. ಆದರೂ ನನಗೆ ತಂದೆಯ ಮಂಚದ ಕೆಳಗೆ ಉಳಿದಿದ್ದ ಒಂಟಿ ಚಪ್ಪಲಿ ನೆನಪಾಯಿತು. ವಲೇರಿಯನ್ ಹಿತ್ತಲಿಗೆ ಹೊರಟವರು ನನ್ನನ್ನು ನೋಡಿ ನಿಂತರು. ಏನಾಯಿತು ಎಂದು ಕೇಳಿದರು.

"ಕಾಂಯ್ ನಾ" ಎಂದೆ.

ಅವರು ಒಂದು ಕಾಲು ಚಪ್ಪಲಿಗೆ ಹಾಕಿದ್ದರು. ಅದನ್ನು ಹೊರಗೆ ತೆಗೆದರು. ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತು, ರಸ್ತೆಯ ಕಡೆ ನೋಡುತ್ತ ಕಾದರು.

ಆಮೇಲೆ, "ಮತ್ತೆ?" ಎಂದರು.